ಮುಕ್ತ ಪಥದ ಲೆಕ್ಕದಲ್ಲಿ ಕಾಣೆಯಾದ ರೂಟ್ 2

ಮಾನ್ಯ ಸಂಪಾದಕರೇ,

ಸಿಇಟಿ, ನೀಟ್ ತಯಾರಿಗೆಂದು ಶಿಕ್ಷಣ ಪುಟದಲ್ಲಿ ಬಂದ ಪ್ರಶ್ನೋತ್ತರದಲ್ಲಿ ‘ಅನಿಲದ ಅಣುಗಳ ನಡುವಿನ ಸರಾಸರಿ ಅಂತರವೇ ಸರಾಸರಿ ಮುಕ್ತ ಪಥ’ ಎಂದು ಅಚ್ಚಾಗಿದೆ. ನಿಜಕ್ಕೂ ಅದು ಒಂದು ಡಿಕ್ಕಿಯಿಂದ ಮುಂದಿನ ಡಿಕ್ಕಿಯವರೆಗೆ ಅಣು ಓಡುವ ಸರಾಸರಿ ದೂರ. ಅದರ ಕೆಳಗೆ ಕೊಟ್ಟ ಸೂತ್ರದಲ್ಲಿ ರೂಟ್ 2 (ಎರಡರ ವರ್ಗಮೂಲ) ಇಲ್ಲ. ಮೊದಲನೆಯದು ತಪ್ಪು, ಎರಡನೆಯದು ಅರ್ಧಕ್ಕೇ ನಿಂತ ಲೆಕ್ಕ. ಸೂತ್ರದ ಸಂಕೇತಗಳು ಪತ್ರಿಕೆಯ ಕಾಲಂನಲ್ಲಿ ಹರಿದು ಹೋಗುವುದೇ ಹೆಚ್ಚು, ಹಾಗಾಗಿ ಅಂಕಿಗಳಲ್ಲೇ ಬಿಡಿಸುತ್ತೇನೆ. ಹಾಗೆ ಬಿಡಿಸಿದರೆ ತಪ್ಪು ಎಲ್ಲಿದೆ ಎಂಬುದೂ ಬೇಗ ಕಣ್ಣಿಗೆ ಬೀಳುತ್ತದೆ.

ನೈಟ್ರೋಜನ್ ತೆಗೆದುಕೊಳ್ಳೋಣ. ತಾಪಮಾನ 300 ಕೆಲ್ವಿನ್, ಒತ್ತಡ ಒಂದು ಅಟ್ಮಾಸ್ಫಿಯರ್, ಅಂದರೆ 1,01,325 ಪಾಸ್ಕಲ್. ಒತ್ತಡವನ್ನು ಬೋಲ್ಟ್ಸ್‌ಮನ್ ಸ್ಥಿರಾಂಕ ಮತ್ತು ತಾಪಮಾನದ ಗುಣಲಬ್ಧದಿಂದ ಭಾಗಿಸಿದರೆ ಒಂದು ಘನ ಮೀಟರಿಗೆ 2.45 × 10²⁵ ಅಣುಗಳು ಬರುತ್ತವೆ. ಇಷ್ಟು ದೊಡ್ಡ ಸಂಖ್ಯೆಯ ಬದಲು ನ್ಯಾನೊಮೀಟರಿನಲ್ಲಿ ಯೋಚಿಸಿದರೆ ಸುಲಭ: ಒಂದೊಂದು ಅಣುವಿನ ಪಾಲಿಗೆ ಸುಮಾರು 41 ಘನ ನ್ಯಾನೊಮೀಟರ್ ಜಾಗ. ಇದರ ಘನಮೂಲ 3.4 ನ್ಯಾನೊಮೀಟರ್. ಅಣುಗಳ ನಡುವಿನ ಸರಾಸರಿ ಅಂತರ ಎಂದರೆ ಇದು. ಮುಂದೆ ಕಾಣುವಂತೆ ಮುಕ್ತ ಪಥ ಇದರ ಇಪ್ಪತ್ತು ಪಟ್ಟು ಇದೆ. ಪಕ್ಕದ ಅಣು 3.4 ನ್ಯಾನೊಮೀಟರ್ ದೂರದಲ್ಲಿದ್ದರೂ ಅದು ನಮ್ಮ ಅಣುವಿನ ದಾರಿಗೆ ಅಡ್ಡ ಇರಬೇಕೆಂದೇನಿಲ್ಲವಲ್ಲ!

ಈಗ ಡಿಕ್ಕಿ. ನೈಟ್ರೋಜನ್ ಅಣುವನ್ನು 0.37 ನ್ಯಾನೊಮೀಟರ್ ವ್ಯಾಸದ ಗಟ್ಟಿ ಗೋಲಿ ಎಂದುಕೊಳ್ಳಿ. ಎರಡು ಗೋಲಿ ತಾಗುವಾಗ ಅವುಗಳ ಕೇಂದ್ರಗಳ ನಡುವೆ ಒಂದು ಪೂರ್ತಿ ವ್ಯಾಸದಷ್ಟು ದೂರ ಇರುತ್ತದೆ. ಆದ್ದರಿಂದ ಓಡುವ ಅಣು ತನ್ನ ಹಿಂದೆ ಗುಡಿಸಿಕೊಂಡು ಹೋಗುವ ಸಿಲಿಂಡರಿನ ತ್ರಿಜ್ಯವೇ ಅಣುವಿನ ವ್ಯಾಸ. ವಿದ್ಯಾರ್ಥಿಗಳು ಅತಿ ಹೆಚ್ಚು ಜಾರುವುದು ಇಲ್ಲೇ. ಅಣುವಿನ ತ್ರಿಜ್ಯವನ್ನೇ ಸಿಲಿಂಡರಿನ ತ್ರಿಜ್ಯ ಮಾಡಿದರೆ ಅಡ್ಡಕೊಯ್ತ (ಸಿಲಿಂಡರಿನ ಅಡ್ಡ ಮುಖದ ವಿಸ್ತೀರ್ಣ) ಕಾಲು ಭಾಗಕ್ಕೆ ಇಳಿದು ಉತ್ತರ ನಾಲ್ಕು ಪಟ್ಟು ಬರುತ್ತದೆ. ಸರಿಯಾದ ಅಡ್ಡಕೊಯ್ತ, ಪೈ ಗುಣಿಸು ವ್ಯಾಸದ ವರ್ಗ, 0.43 ಚದರ ನ್ಯಾನೊಮೀಟರ್. ಈ ಕೊಳವೆಯೊಳಗೆ 41 ಘನ ನ್ಯಾನೊಮೀಟರ್, ಅಂದರೆ ಸರಾಸರಿ ಒಂದು ಅಣು ಸಿಗುವಷ್ಟು ಜಾಗ, ತುಂಬಬೇಕಾದರೆ ಅಣು 95 ನ್ಯಾನೊಮೀಟರ್ ಓಡಬೇಕು. ಡಿಕ್ಕಿಯಾದಾಗಲೆಲ್ಲ ಕೊಳವೆ ಮೊಣಕೈಯಂತೆ ಬಾಗುತ್ತದೆ ನಿಜ. ಆದರೆ ಓಟ ವ್ಯಾಸದ ನೂರಾರು ಪಟ್ಟು ಇರುವುದರಿಂದ ಆ ಬಾಗಿನ ಜಾಗವನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಪ್ರಕಟವಾದ ಉತ್ತರ ಈ 95ರಲ್ಲೇ ನಿಂತಿದೆ. ಇದು ಉಳಿದ ಅಣುಗಳೆಲ್ಲ ಕದಲದೆ ನಿಂತಿವೆ ಎಂದುಕೊಂಡರೆ ಮಾತ್ರ ಸರಿ. ನಿಂತಿಲ್ಲವಲ್ಲ. ನೇರ ಎದುರಿನಿಂದ ಬರುವ ಅಣು ಎರಡು ಪಟ್ಟು ಜವದಲ್ಲಿ ಹತ್ತಿರವಾಗುತ್ತದೆ, ಜೊತೆಗೇ ಓಡುವುದು ಹತ್ತಿರವೇ ಆಗುವುದಿಲ್ಲ, ಲಂಬವಾಗಿ ಬರುವುದು ರೂಟ್ 2 ಪಟ್ಟು ಜವದಲ್ಲಿ ಬರುತ್ತದೆ. ಇವೆಲ್ಲದರ ಸರಾಸರಿ ಬೇಕು. ಸಾಪೇಕ್ಷ ವೇಗದ (ಒಂದು ಅಣುವಿನಿಂದ ನೋಡಿದರೆ ಇನ್ನೊಂದಕ್ಕಿರುವ ವೇಗದ) ವರ್ಗ ಎಂದರೆ ಎರಡು ವೇಗಗಳ ವರ್ಗಗಳ ಮೊತ್ತ, ಅದರಿಂದ ಅವುಗಳ ಡಾಟ್ ಪ್ರಾಡಕ್ಟ್‌ನ (ಎರಡು ವೇಗಗಳ ನಡುವಿನ ಕೋನವನ್ನು ಲೆಕ್ಕಕ್ಕೆ ಹಿಡಿದ ಗುಣಲಬ್ಧದ) ಎರಡರಷ್ಟು ಕಳೆದದ್ದು. ಎಲ್ಲ ದಿಕ್ಕುಗಳೂ ಸಮಾನವಾದ್ದರಿಂದ ಡಾಟ್ ಪ್ರಾಡಕ್ಟ್‌ನ ಸರಾಸರಿ ಸೊನ್ನೆ. ಉಳಿಯುವುದು ಒಂದು ಅಣುವಿನ ವೇಗದ ವರ್ಗದ ಎರಡು ಪಟ್ಟು, ಅದರ ವರ್ಗಮೂಲ ತೆಗೆದರೆ ವೇಗದ ರೂಟ್ 2 ಪಟ್ಟು. ಕಟ್ಟುನಿಟ್ಟಾಗಿ ಹೇಳಿದರೆ ಇದು ಆರ್‌ಎಂಎಸ್ ಜವಕ್ಕೆ (ಜವದ ವರ್ಗಗಳ ಸರಾಸರಿಯ ವರ್ಗಮೂಲಕ್ಕೆ) ಬಂದ ಉತ್ತರ. ಸರಾಸರಿ ಜವಕ್ಕೂ ನಿಖರವಾಗಿ ಅದೇ ರೂಟ್ 2 ಬರುವುದು ಮ್ಯಾಕ್ಸ್‌ವೆಲ್ ವಿತರಣೆಯ (ಯಾವ ಜವದಲ್ಲಿ ಎಷ್ಟು ಅಣುಗಳಿವೆ ಎನ್ನುವ ಹಂಚಿಕೆಯ) ಗುಣ. 1858ರಲ್ಲಿ ಮುಕ್ತ ಪಥದ ಕಲ್ಪನೆ ತಂದ ಜರ್ಮನ್ ಭೌತವಿಜ್ಞಾನಿ ಕ್ಲಾಸಿಯಸ್ ಎಲ್ಲ ಅಣುಗಳಿಗೂ ಒಂದೇ ಜವ ಎಂದಿಟ್ಟುಕೊಂಡಿದ್ದರಿಂದ ರೂಟ್ 2ರ ಜಾಗದಲ್ಲಿ ಅವನಿಗೆ ಸಿಕ್ಕಿದ್ದು 4/3. 1860ರಲ್ಲಿ ಮ್ಯಾಕ್ಸ್‌ವೆಲ್ ಅದನ್ನು ರೂಟ್ 2 ಮಾಡಿದ.

ಈ ರೂಟ್ 2ನ್ನು ಗುಣಿಸಬೇಕೋ ಭಾಗಿಸಬೇಕೋ ಎಂಬ ಗೊಂದಲವೂ ಇದೆ. 300 ಕೆಲ್ವಿನ್‌ನಲ್ಲಿ ನೈಟ್ರೋಜನ್ನಿನ ಸರಾಸರಿ ಜವ ಸೆಕೆಂಡಿಗೆ 476 ಮೀಟರ್, ಸಾಪೇಕ್ಷ ಜವ 673 ಮೀಟರ್. ಡಿಕ್ಕಿಗಳನ್ನು ಎಣಿಸುವಾಗ 673 ಬಳಸಬೇಕು: ಸೆಕೆಂಡಿಗೆ ಸುಮಾರು 710 ಕೋಟಿ ಡಿಕ್ಕಿ. ಆದರೆ ಅಣು ನಿಜವಾಗಿ ಓಡಿದ್ದು 476 ಮೀಟರೇ. 476ನ್ನು ಡಿಕ್ಕಿಗಳ ಸಂಖ್ಯೆಯಿಂದ ಭಾಗಿಸಿದರೆ 67 ನ್ಯಾನೊಮೀಟರ್. 95 ಭಾಗಿಸು ರೂಟ್ 2 ಅಂದರೂ ಅದೇ.

ಪಿಯು ಮಕ್ಕಳ ಕೈಲಿರುವ ಇನ್ನೊಂದು ಲೆಕ್ಕದಲ್ಲಿ ವ್ಯಾಸ 0.2 ನ್ಯಾನೊಮೀಟರ್ ಎಂದು ಹಿಡಿದು, ರೂಟ್ 2 ಬಿಟ್ಟು, ಮುಕ್ತ ಪಥ 290 ನ್ಯಾನೊಮೀಟರ್, ವ್ಯಾಸದ 1500 ಪಟ್ಟು ಎಂದಿರುತ್ತದೆ. ವ್ಯಾಸ ವರ್ಗದಲ್ಲಿ ಬರುವುದರಿಂದ ಅಲ್ಲಿ ಮಾಡಿದ ಸಣ್ಣ ಉದಾರತೆಯೂ ದುಬಾರಿ. ನೈಟ್ರೋಜನ್‌ಗೆ 0.37 ಹಾಕಿ, ರೂಟ್ 2 ಸೇರಿಸಿ, 273 ಕೆಲ್ವಿನ್‌ಗೆ ಅದೇ ಲೆಕ್ಕ ಮಾಡಿದರೆ 61 ನ್ಯಾನೊಮೀಟರ್. ವ್ಯಾಸದ 165 ಪಟ್ಟು, ಅಷ್ಟೇ.

ರೂಟ್ 2 ಇಲ್ಲದ, ತ್ರಿಜ್ಯವನ್ನೇ ಬಳಸಿದ ಸೂತ್ರ ಸರಿಹೋಗುವ ಜಾಗವೂ ಒಂದಿದೆ ಎನ್ನುವುದು ತಮಾಷೆ: ಅನಿಲದ ನಡುವೆ ಓಡುವ ಎಲೆಕ್ಟ್ರಾನ್. ಅದರ ಜವದ ಮುಂದೆ ಅಣುಗಳು ನಿಂತ ಹಾಗೆಯೇ. ಅದರ ಗಾತ್ರವೂ ಲೆಕ್ಕಕ್ಕಿಲ್ಲ. ಗೋಲಿಗಳ ಲೆಕ್ಕದಲ್ಲಿ ಅದರ ಮುಕ್ತ ಪಥ ಅಣುವಿನದರ 4 × ರೂಟ್ 2, ಅಂದರೆ 5.66 ಪಟ್ಟು.

‘ತಾಪಮಾನ ಇಮ್ಮಡಿಯಾದರೆ ಮುಕ್ತ ಪಥ ಇಮ್ಮಡಿಯಾಗುತ್ತದೆ’ ಎಂಬ ಇನ್ನೊಂದು ಉತ್ತರಕ್ಕೆ ‘ಒತ್ತಡ ಸ್ಥಿರವಾಗಿದ್ದರೆ’ ಎಂಬ ಷರತ್ತು ಬೇಕೇ ಬೇಕು. ಬಾಯಿ ಮುಚ್ಚಿ ಸೀಲ್ ಮಾಡಿದ ಗಾಜಿನ ಬುರುಡೆಯನ್ನು ಕಾಯಿಸಿದರೆ ಅಣುಗಳ ಸಂಖ್ಯೆಯೂ ಜಾಗವೂ ಬದಲಾಗುವುದಿಲ್ಲ. ಡಿಕ್ಕಿಗಳು ಬೇಗ ಬೇಗ ಆಗುತ್ತವೆ, ಒಂದರಿಂದ ಇನ್ನೊಂದಕ್ಕೆ ಇರುವ ದೂರ ಮಾತ್ರ ಅಷ್ಟೇ ಇರುತ್ತದೆ.

ಆದರ್ಶ ಅನಿಲದ ಅಣುಗಳು ಬಿಂದುಗಳಾದರೆ ಡಿಕ್ಕಿ ಎಲ್ಲಿಂದ ಬಂತು ಎಂದು ಚುರುಕು ಹುಡುಗಿಯೊಬ್ಬಳು ಕೇಳಿಯೇ ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆ. ಬಿಂದುಗಳಾದರೆ ಮುಕ್ತ ಪಥ ಅನಂತವೇ. ಮೇಲಿನ ನೈಟ್ರೋಜನ್‌ನಲ್ಲಿ ಅಣುಗಳು ತುಂಬಿರುವ ಜಾಗ ಒಟ್ಟು ಗಾತ್ರದ ಶೇ 0.065 ಮಾತ್ರ, ಹಾಗಾಗಿ ಒತ್ತಡದ ಲೆಕ್ಕದಲ್ಲಿ ಅದನ್ನು ಬಿಡಬಹುದು. ಡಿಕ್ಕಿಯ ಲೆಕ್ಕದಲ್ಲಿ ಬಿಡುವಂತಿಲ್ಲ, ಅಲ್ಲಿ ಗಾತ್ರವೇ ವಿಷಯ.

67 ಎಂಬುದು ಸರಾಸರಿ ಎನ್ನುವುದೂ ಮರೆಯಬಾರದು. ಶೇ 63ರಷ್ಟು ಓಟಗಳು ಅದಕ್ಕಿಂತ ಮೊದಲೇ ಮುಗಿಯುತ್ತವೆ. ಶೇ 5ರಷ್ಟು 200 ನ್ಯಾನೊಮೀಟರ್ ದಾಟುತ್ತವೆ. ಈಗಾಗಲೇ 67 ಓಡಿದ ಅಣುವಿಗೆ ‘ಇನ್ನೇನು ಡಿಕ್ಕಿ ಬಂತು’ ಎಂದೇನಿಲ್ಲ. ಅಲ್ಲಿಂದ ಮುಂದಕ್ಕೂ ಅದರ ಸರಾಸರಿ ಓಟ 67 ನ್ಯಾನೊಮೀಟರೇ.

ಇಷ್ಟು ಚಿಕ್ಕ ಸಂಖ್ಯೆಯಿಂದ ಏನು ಪ್ರಯೋಜನ ಎನ್ನುವವರು ಒಂದು ಊದುಬತ್ತಿ ಹಚ್ಚಿ ನೋಡಬಹುದು. ಅಣುಗಳು ಸೆಕೆಂಡಿಗೆ ನೂರಾರು ಮೀಟರ್ ಓಡುವುದಾದರೆ ವಾಸನೆ ಕ್ಷಣದಲ್ಲೇ ಮನೆ ತುಂಬಬೇಕಿತ್ತಲ್ಲ ಎಂಬ ಧಾಟಿಯ ಆಕ್ಷೇಪವನ್ನೇ ಡಚ್ ಹವಾಮಾನ ವಿಜ್ಞಾನಿ ಬಾಯ್ಸ್ ಬ್ಯಾಲೊ ಎತ್ತಿದ್ದ. ಕ್ಲಾಸಿಯಸ್ ಮುಕ್ತ ಪಥ ಹುಡುಕಿದ್ದು ಅದಕ್ಕೆ ಉತ್ತರವಾಗಿ. ಸೆಕೆಂಡಿನಲ್ಲಿ 476 ಮೀಟರ್ ಓಡುವ ಅಣು 710 ಕೋಟಿ ಸಲ ದಿಕ್ಕು ತಪ್ಪಿ, ಹೊರಟ ಜಾಗದಿಂದ ಒಂದು ಸೆಂಟಿಮೀಟರಿನ ಆಸುಪಾಸಿನಲ್ಲೇ ಉಳಿದಿರುತ್ತದೆ. ಅಡುಗೆಮನೆಗೆ ಊದುಬತ್ತಿಯ ವಾಸನೆ ಬೇಗ ಬಂದರೆ ಅದನ್ನು ತಂದದ್ದು ಗಾಳಿಯ ಹರಿವು, ಫ್ಯಾನು.

ತಿದ್ದುಪಡಿ ಹಾಕುವುದಾದರೆ ಒಂದು ಸಾಲು ಸಾಕು: ಸರಾಸರಿ ಮುಕ್ತ ಪಥ = 1 ಭಾಗಿಸು (ರೂಟ್ 2 × ಪೈ × ವ್ಯಾಸದ ವರ್ಗ × ಒಂದು ಘನ ಮೀಟರಿನಲ್ಲಿರುವ ಅಣುಗಳ ಸಂಖ್ಯೆ). ವ್ಯಾಸವನ್ನು ಮೀಟರಿನಲ್ಲೇ ಹಾಕಬೇಕು ಎಂದೂ ಸೇರಿಸಿ.

— ಭೌತಶಾಸ್ತ್ರ ಉಪನ್ಯಾಸಕ, ಹಾಸನ