ಮುಟ್ಟಲು ಕರೆದು ಕೈ ಕಟ್ಟಿಸುತ್ತೀರಿ: ಸಚಿವರಿಗೊಂದು ಬಹಿರಂಗ ಪತ್ರ

ವಿಜ್ಞಾನ ಸಂಗ್ರಹಾಲಯದ ಹೊಣೆ ಹೊತ್ತಿರುವ ಮಾನ್ಯ ಸಚಿವರಿಗೆ,

ನಮಸ್ಕಾರ.

ನಾನೊಬ್ಬ ವಿಜ್ಞಾನ ಟೀಚರ್. ಆರನೇ, ಏಳನೇ ತರಗತಿಗೆ ಪಾಠ ಮಾಡುತ್ತೇನೆ. ನಾಲ್ಕು ವರ್ಷದಿಂದ ಮಕ್ಕಳನ್ನು ಕರೆದುಕೊಂಡು ನಿಮ್ಮ ಇಲಾಖೆಯ ಸಂಗ್ರಹಾಲಯಕ್ಕೆ ಬರುತ್ತಿದ್ದೇನೆ. ಬಾಗಿಲ ಮೇಲೆ ದೊಡ್ಡದಾಗಿ ‘ಮುಟ್ಟಿ, ಮಾಡಿ, ಕಲಿಯಿರಿ’ ಎಂದು ಬರೆದಿದೆಯಲ್ಲ, ಅದೇ. ಈ ನಾಲ್ಕು ವರ್ಷದಲ್ಲಿ ಆರು ಪತ್ರ ಬರೆದೆ. ನಾಲ್ಕಕ್ಕೆ ಉತ್ತರವೇ ಬರಲಿಲ್ಲ. ಎರಡಕ್ಕೆ ಬಂತು. ಎರಡರಲ್ಲೂ ಒಂದೇ ಸಾಲು: ‘ತಮ್ಮ ಸಲಹೆಯನ್ನು ಪರಿಗಣಿಸಲಾಗುವುದು.’ ಪರಿಗಣಿಸಿ ಪರಿಗಣಿಸಿ ನಿಮ್ಮವರಿಗೂ ಸುಸ್ತಾಗಿರಬೇಕು. ಅದಕ್ಕೇ ಏಳನೆಯದನ್ನು ಎಲ್ಲರ ಎದುರಿಗೆ ಬರೆಯುತ್ತಿದ್ದೇನೆ.

ಕೇಳುವುದು ಒಂದೇ. ಮಕ್ಕಳಿಗೆ ಮುಟ್ಟಲು ಬಿಡಿ. ಕೆಟ್ಟಿರುವುದನ್ನು ರಿಪೇರಿ ಮಾಡಿಸಿ, ಮುಟ್ಟಲು ಬಿಡಿ.

ನಲವತ್ತೆರಡು ಮಕ್ಕಳನ್ನು ಒಂದು ದಿನ ಹೊರಗೆ ಕರೆದುಕೊಂಡು ಹೋಗುವುದು ಎಂದರೆ ಏನು ಅಂತ ನಿಮಗೆ ಅಂದಾಜಿದೆಯೋ ಇಲ್ಲವೋ. ಒಂದು ತಿಂಗಳು ಮೊದಲೇ ಅರ್ಜಿ ಹಾಕಬೇಕು. ಪ್ರತಿ ಮನೆಯಿಂದ ಒಪ್ಪಿಗೆ ಪತ್ರ ತರಿಸಬೇಕು. ಒಬ್ಬಳ ಪತ್ರದಲ್ಲಿ ಅಪ್ಪನ ಸಹಿ ಇರುವುದಿಲ್ಲ, ಇನ್ನೊಬ್ಬನ ಪತ್ರ ನೀರಲ್ಲಿ ನೆನೆದಿರುತ್ತದೆ. ಬಸ್ಸು ಗೊತ್ತು ಮಾಡಬೇಕು. ಈ ವರ್ಷ ಎಲ್ಲ ಆದ ಮೇಲೆ ನಿಮ್ಮ ಕಚೇರಿಯಿಂದ ಫೋನ್ ಬಂತು, ‘ಆ ದಿನ ಗಣ್ಯರ ಭೇಟಿ ಇದೆ, ಬೇರೆ ದಿನ ನೋಡಿಕೊಳ್ಳಿ’ ಅಂತ. ಬೇರೆ ದಿನ ನೋಡಿದೆವು. ಅದನ್ನೂ ಮುಂದಕ್ಕೆ ಹಾಕಿದರು. ಮೂರನೇ ಸಲ ಹೊರಟಾಗ ಬಸ್ಸಿನಲ್ಲಿ ಇಬ್ಬರು ವಾಂತಿ ಮಾಡಿಕೊಂಡರು, ಒಬ್ಬ ಒಂದು ಕಾಲಿನ ಚಪ್ಪಲಿ ಎಲ್ಲೋ ಬೀಳಿಸಿಕೊಂಡ. ಅವನು ಇಡೀ ದಿನ ಕುಂಟಿಕೊಂಡೇ ಓಡಾಡಿದ. ಹತ್ತು ನಿಮಿಷಕ್ಕೊಮ್ಮೆ ತಲೆ ಎಣಿಸುವುದು ನನ್ನ ಕೆಲಸ. ರಾತ್ರಿ ನಿದ್ದೆಯಲ್ಲೂ ನಲವತ್ತೊಂದಕ್ಕೇ ನಿಂತು ಎದ್ದು ಕೂತಿದ್ದೆ.

ಇದನ್ನೆಲ್ಲ ಹೇಳಿಕೊಂಡು ಅಳುತ್ತಿದ್ದೇನೆ ಅಂದುಕೊಳ್ಳಬೇಡಿ. ಇದು ನನ್ನ ಕೆಲಸ, ಖುಷಿಯಿಂದಲೇ ಮಾಡುತ್ತೇನೆ. ಆದರೆ ಇಷ್ಟೆಲ್ಲ ಮಾಡಿ ಬಂದವರಿಗೆ ನೀವು ಕೊಡುವುದು ನಲವತ್ತೈದು ನಿಮಿಷ ಮತ್ತು ಒಂದು ಸೀಟಿ.

ಗುಂಪು ಭೇಟಿಯ ನಿಯಮಗಳು ನಿಮಗೆ ಗೊತ್ತೇ ಇವೆ, ನಾನು ಬಿಡಿಸಿ ಹೇಳಬೇಕಿಲ್ಲ. ಆದರೂ ಅರ್ಜಿಯ ಹಿಂಬದಿಯಲ್ಲಿರುವ ಒಂಬತ್ತನೇ ನಿಯಮವನ್ನು ಒಮ್ಮೆ ಜೋರಾಗಿ ಓದಿಕೊಳ್ಳಿ. ‘ವಿದ್ಯಾರ್ಥಿಗಳು ಕೈಗಳನ್ನು ಹಿಂದೆ ಕಟ್ಟಿಕೊಂಡು ಸಾಲಿನಲ್ಲಿ ಸಾಗತಕ್ಕದ್ದು.’ ಬಾಗಿಲಲ್ಲಿ ಮುಟ್ಟಿ ಅನ್ನುತ್ತೀರಿ, ಒಳಗೆ ಕೈ ಕಟ್ಟಿ ಅನ್ನುತ್ತೀರಿ. ಹನ್ನೊಂದು ವರ್ಷದ ಮಗು ಇದರಲ್ಲಿ ಯಾವುದನ್ನು ನಂಬಬೇಕು ಸ್ವಾಮಿ?

ಒಳಗೆ ಏನಿದೆ ಅಂತ ಹೇಳುತ್ತೇನೆ. ಗಣ್ಯರು ಬಂದಾಗ ದೀಪ ಹಚ್ಚುವ ಹಾಲ್ ಮಾತ್ರ ತೋರಿಸುತ್ತಾರೆ, ನೀವು ಮಿಕ್ಕಿದ್ದನ್ನು ನೋಡಿರಲಾರಿರಿ.

ಒಂದು ತಿರುಗುವ ಪೀಠ ಇದೆ. ಎರಡು ಕೈಯಲ್ಲೂ ತೂಕದ ಗುಂಡು ಹಿಡಿದು, ಕೈ ಚಾಚಿ ಕೂರಬೇಕು. ಯಾರಾದರೂ ಮೆಲ್ಲಗೆ ತಿರುಗಿಸಿ ಬಿಡುತ್ತಾರೆ. ಕೈಯನ್ನು ಎದೆಯ ಹತ್ತಿರ ಎಳೆದುಕೊಂಡ ಕೂಡಲೇ ಪೀಠ ಗಿರ್ರನೆ ಜೋರಾಗಿ ತಿರುಗುತ್ತದೆ. ಕೋನೀಯ ಸಂವೇಗ ಅನ್ನುವ ಪದ ನನ್ನ ಮಕ್ಕಳ ಪುಸ್ತಕದಲ್ಲಿಲ್ಲ. ಬೇಡವೂ ಬೇಡ. ಒಮ್ಮೆ ಕೂತವರಿಗೆ ಅದು ಹೊಟ್ಟೆಯಲ್ಲೇ ಗೊತ್ತಾಗುತ್ತದೆ. ಇದಕ್ಕೆ ಕರೆಂಟ್ ಬೇಡ, ಕಂಪ್ಯೂಟರ್ ಬೇಡ. ಒಂದು ಒಳ್ಳೆಯ ಬೇರಿಂಗ್, ಸ್ವಲ್ಪ ಗ್ರೀಸ್ ಸಾಕು. ನಾಲ್ಕು ವರ್ಷದಿಂದ ಅದರ ಮೇಲೆ ‘ದುರಸ್ತಿಯಲ್ಲಿದೆ’ ಎಂಬ ಕಾಗದ ಅಂಟಿದೆ. ಕಾಗದವೇ ಹಳದಿಯಾಗಿ ಹೋಗಿದೆ.

ರಾಟೆಯ ಕುರ್ಚಿಗಳು ಮೂರಿವೆ. ಹಗ್ಗ ಎಳೆದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವಂಥವು. ರಾಟೆ ಜಾಸ್ತಿ ಇರುವ ಕುರ್ಚಿಯಲ್ಲಿ ಸಣ್ಣ ಹುಡುಗಿಯೂ ಸಲೀಸಾಗಿ ಮೇಲೇರುತ್ತಾಳೆ. ಆದರೆ ಹಗ್ಗ ಮಾತ್ರ ಎಳೆದಷ್ಟೂ ಮುಗಿಯುವುದಿಲ್ಲ. ಬಲ ಉಳಿಸಿದರೆ ದೂರದಲ್ಲಿ ತೆರಬೇಕು ಎನ್ನುವುದನ್ನು ಬೋರ್ಡಿನ ಮೇಲೆ ನಾನು ಎರಡು ಪೀರಿಯಡ್ ಹೇಳುತ್ತೇನೆ, ಅಲ್ಲಿ ಎರಡು ನಿಮಿಷ ಸಾಕು. ಮೂರೂ ಕುರ್ಚಿಗಳನ್ನು ಒಂದಕ್ಕೊಂದು ಸೇರಿಸಿ ಚೈನ್ ಹಾಕಿ ಬೀಗ ಜಡಿದಿದ್ದಾರೆ.

ಇನ್ನು ಆ ಪಿಸುಮಾತಿನ ತಟ್ಟೆಗಳು. ಹಾಲಿನ ಎರಡು ತುದಿಯಲ್ಲಿ ಎದುರುಬದುರು ನಿಲ್ಲಿಸಿದ ಎರಡು ದೊಡ್ಡ ಬಟ್ಟಲಿನಂಥ ತಟ್ಟೆಗಳು. ಒಂದರ ಮುಂದೆ ಸರಿಯಾದ ಜಾಗದಲ್ಲಿ ಬಾಯಿಟ್ಟು ಪಿಸುಗುಟ್ಟಿದರೆ, ದನಿ ಚದುರಿ ಹೋಗದೆ ನೇರವಾಗಿ ಹೋಗಿ ಎದುರಿನ ತಟ್ಟೆಗೆ ಬಡಿದು, ಅಲ್ಲಿ ಕಿವಿ ಇಟ್ಟವರಿಗೆ ಪಕ್ಕದಲ್ಲೇ ಹೇಳಿದ ಹಾಗೆ ಕೇಳುತ್ತದೆ. ಇದರ ಮೇಲೂ ‘ಕೆಲಸ ಮಾಡುತ್ತಿಲ್ಲ’ ಎಂಬ ಚೀಟಿ. ತಟ್ಟೆ ಹೇಗೆ ಕೆಡುತ್ತದೆ, ನೀವೇ ಹೇಳಿ? ಅದರಲ್ಲಿ ವೈರ್ ಇಲ್ಲ, ಮೋಟಾರ್ ಇಲ್ಲ. ಕಾರಣ ಹುಡುಕಿದವಳು ನನ್ನ ಒಬ್ಬ ವಿದ್ಯಾರ್ಥಿನಿ. ‘ಮಿಸ್, ಮಧ್ಯ ನೋಡಿ’ ಅಂದಳು. ಎರಡು ತಟ್ಟೆಗಳ ನಡುವೆ, ಸರಿಯಾಗಿ ದನಿ ಹೋಗುವ ದಾರಿಯಲ್ಲಿ, ಎಂಟಡಿ ಎತ್ತರದ ಸ್ವಾಗತ ಫಲಕ ನಿಂತಿದೆ. ಅದರಲ್ಲಿ ಕೈ ಮುಗಿದುಕೊಂಡು ನಗುತ್ತಿರುವವರು ತಾವೇ. ಮಕ್ಕಳು ಹೇಳಿದ್ದೆಲ್ಲ ತಮ್ಮ ಮುಖಕ್ಕೆ ಬಡಿದು ಅಲ್ಲೇ ನಿಲ್ಲುತ್ತಿದೆ. ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಮಾದರಿ ಆ ಕಟ್ಟಡದಲ್ಲಿ ಇನ್ನೊಂದಿಲ್ಲ. ಕ್ಷಮಿಸಿ, ಸಿಟ್ಟಿನಲ್ಲಿ ಹೇಳಿಬಿಟ್ಟೆ. ಆದರೆ ಫಲಕ ಸರಿಸಿ.

ಈಗ ಈ ಪತ್ರ ಬರೆಯುವಂತೆ ಮಾಡಿದ ವಿಷಯಕ್ಕೆ ಬರುತ್ತೇನೆ.

ಮೂಲೆಯಲ್ಲಿ ಕೈಯಿಂದ ತಿರುಗಿಸುವ ಜನರೇಟರ್ ಇದೆ. ಸುರುಳಿಯ ಹತ್ತಿರ ಆಯಸ್ಕಾಂತ ಚಲಿಸಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಫ್ಯಾರಡೆ 1831ರಲ್ಲಿ ತೋರಿಸಿದರಲ್ಲ, ಅದನ್ನೇ ಮಕ್ಕಳು ತಮ್ಮ ಕೈಯಾರೆ ಮಾಡಿ ನೋಡಲಿ ಅಂತ ಇಟ್ಟಿದ್ದು. ಪಕ್ಕದಲ್ಲೇ ದೊಡ್ಡ ಅಕ್ಷರದಲ್ಲಿ ಬರೆದಿದೆ: ‘ಹಿಡಿಕೆಯನ್ನು ಜೋರಾಗಿ ತಿರುಗಿಸಿ. ದೀಪ ಹತ್ತುವುದನ್ನು ಗಮನಿಸಿ.’ ನನಗೆ ಇಡೀ ಸಂಗ್ರಹಾಲಯದಲ್ಲಿ ಜಾಸ್ತಿ ಇಷ್ಟವಾದದ್ದು ಇದೇ. ದೀಪದ ಸ್ವಿಚ್ ಆರಿಸಿದ್ದಾಗ ಹಿಡಿಕೆ ಹಗುರ. ದೀಪ ಹತ್ತಿದ ಕೂಡಲೇ ಭಾರ. ಕರೆಂಟ್ ಬಿಟ್ಟಿ ಬರುವುದಿಲ್ಲ ಎನ್ನುವುದು ಮಗುವಿನ ತೋಳಿಗೇ ಗೊತ್ತಾಗುತ್ತದೆ.

ನಮ್ಮ ಗುಂಪಿನಲ್ಲಿ ಒಬ್ಬ ಹುಡುಗ ಇದ್ದಾನೆ. ಕ್ಲಾಸಿನಲ್ಲಿ ಬಾಯಿ ಬಿಡುವುದೇ ಇಲ್ಲ. ಓದುವುದು ಅವನಿಗೆ ಕಷ್ಟ, ಅಕ್ಷರ ಕೂಡಿಸಿಕೊಂಡು ಕೂಡಿಸಿಕೊಂಡು ಓದುತ್ತಾನೆ. ಅವನು ಆ ಬೋರ್ಡಿನ ಮುಂದೆ ನಿಂತು, ಬೆರಳಿಟ್ಟು, ಪೂರ್ತಿ ಓದಿದ. ಆಮೇಲೆ ಕೈ ಬಿಚ್ಚಿ ಹಿಡಿಕೆ ತಿರುಗಿಸಿದ. ಎರಡು ಸುತ್ತು. ಮೂರನೇ ಸುತ್ತಿಗೆ ಹಿಡಿಕೆ ಕಿತ್ತು ಕೈಗೇ ಬಂತು. ಅದಕ್ಕೆ ಸ್ಕ್ರೂ ಇರಲೇ ಇಲ್ಲ, ಯಾರೋ ತಂತಿ ಸುತ್ತಿ ನಿಲ್ಲಿಸಿದ್ದರು.

ಸೆಕ್ಯುರಿಟಿಯವರ ಸೀಟಿ ಹೊಡೆಯಿತು. ನಲವತ್ತೆರಡೂ ಮಕ್ಕಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು. ‘ಸರ್ಕಾರಿ ಸ್ವತ್ತು ಹಾಳು ಮಾಡಿದ್ದೀರಿ’ ಅಂದರು. ನಾನು ಬೋರ್ಡ್ ತೋರಿಸಿದೆ. ‘ಮೇಡಂ, ಬೋರ್ಡ್ ಹಳೇದು. ನಿಯಮ ಹೊಸದು’ ಅಂದರು. ಮೇಲಧಿಕಾರಿಯನ್ನು ಕರೆಸಿ ಅಂದೆ. ಅವರು ಬಂದು, ಹುಡುಗ ತಪ್ಪೊಪ್ಪಿಗೆ ಬರೆದುಕೊಡದೆ ಗುಂಪನ್ನು ಹೊರಗೆ ಬಿಡುವುದಿಲ್ಲ ಅಂದರು. ಹೊರಗೆ ಬಸ್ಸಿನವರು ಹಾರ್ನ್ ಹೊಡೆಯುತ್ತಿದ್ದರು. ಚಿಕ್ಕ ಹುಡುಗಿಯರು ಅಳಲು ಶುರು ಮಾಡಿದರು. ನಾನು ಸೋತೆ. ‘ನನ್ನ ನಿರ್ಲಕ್ಷ್ಯದಿಂದ’ ಎಂದು ಅಚ್ಚಾಗಿದ್ದ ಕಾಗದಕ್ಕೆ ಸಹಿ ಹಾಕಿದೆ. ಇವತ್ತಿಗೂ ಆ ಸಹಿ ನೆನೆಸಿಕೊಂಡರೆ ಮೈ ಉರಿಯುತ್ತದೆ. ಹುಡುಗ ನೆಲದ ಮೇಲೆ ಕೂತು, ಅರ್ಧ ಗಂಟೆ ತೆಗೆದುಕೊಂಡು, ಎರಡು ಸಾಲು ಬರೆದ. ಕಾಗುಣಿತದ ತಪ್ಪು ತಿದ್ದಿ ಇಲ್ಲಿ ಕೊಡುತ್ತಿದ್ದೇನೆ:

‘ಬೋರ್ಡಿನಲ್ಲಿ ಬರೆದ ಹಾಗೆ ಮಾಡಿದೆ. ಕ್ಷಮಿಸಿ.’

ಅದನ್ನು ಓದಿ ನೋಡಿಯೂ ಅವರು ಫೈಲಿಗೆ ಹಾಕಿಕೊಂಡರು. ನಿಮ್ಮ ಕಚೇರಿಯಲ್ಲೇ ಇದೆ, ತರಿಸಿ ನೋಡಿ.

ಕೈಯಲ್ಲಿ ಮುಟ್ಟುವ ವಸ್ತು ಕೆಡುತ್ತದೆ ಅಂತ ನನಗೂ ಗೊತ್ತು. ದಿನಕ್ಕೆ ನೂರಾರು ಮಕ್ಕಳು ಎಳೆದಾಡಿದರೆ ಕಬ್ಬಿಣವೂ ಸವೆಯುತ್ತದೆ. ಕೆಡುವುದು ತಪ್ಪಲ್ಲ ಸ್ವಾಮಿ, ಕೆಟ್ಟ ಮೇಲೆ ಬೀಗ ಹಾಕುವುದು ತಪ್ಪು. 1969ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಕ್ಸ್‌ಪ್ಲೊರೇಟೋರಿಯಂ ಶುರುವಾಯಿತು. ಇಂಥ ಸಂಗ್ರಹಾಲಯಗಳಿಗೆಲ್ಲ ದೊಡ್ಡಣ್ಣ ಅದು. ಅದನ್ನು ಕಟ್ಟಿದ ಫ್ರಾಂಕ್ ಒಪೆನ್‌ಹೈಮರ್ ಭೌತವಿಜ್ಞಾನಿ, ಅಣುಬಾಂಬ್ ತಯಾರಿಕೆಯ ಮುಂದಾಳಾಗಿದ್ದ ರಾಬರ್ಟ್ ಒಪೆನ್‌ಹೈಮರ್ ಅವರ ತಮ್ಮ. ಕೆಲಸ ಕಳೆದುಕೊಂಡು ವರ್ಷಗಟ್ಟಲೆ ದನ ಸಾಕಿ, ಆಮೇಲೆ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವರು. ಮೇಷ್ಟ್ರಾಗಿದ್ದವರು ಅಲ್ವಾ, ಅದಕ್ಕೇ ಮಕ್ಕಳ ಕೈ ಏನು ಮಾಡುತ್ತದೆ ಅಂತ ಅವರಿಗೆ ಗೊತ್ತಿತ್ತು. ರಿಪೇರಿ ಮಾಡುವ ವರ್ಕ್‌ಶಾಪನ್ನೇ ಬಂದವರಿಗೆ ಕಾಣುವ ಹಾಗೆ ಸಂಗ್ರಹಾಲಯದ ಒಳಗೆ ಇಟ್ಟರು. ಏನಾದರೂ ಮುರಿದರೆ ಅದನ್ನು ಜೋಡಿಸುವುದನ್ನೂ ಮಕ್ಕಳು ನಿಂತು ನೋಡಬಹುದಿತ್ತು. ವಿವರಿಸಲು ಹೈಸ್ಕೂಲಿನ ಹುಡುಗ ಹುಡುಗಿಯರನ್ನೇ ಇಟ್ಟುಕೊಂಡರು. ಅದಕ್ಕೂ ಎಷ್ಟೋ ಮೊದಲು, 1925ರಲ್ಲಿ ತನ್ನ ದೊಡ್ಡ ಕಟ್ಟಡ ತೆರೆದ ಮ್ಯೂನಿಕ್‌ನ ಡಾಯ್ಚೆಸ್ ಮ್ಯೂಸಿಯಂನಲ್ಲಿ ಬಂದವರೇ ಗುಂಡಿ ಒತ್ತಿ ಯಂತ್ರದ ಮಾದರಿ ಓಡಿಸುತ್ತಿದ್ದರು. ನೀವು ಹೊಸದೇನನ್ನೂ ಕಂಡುಹಿಡಿಯಬೇಕಿಲ್ಲ. ಒಬ್ಬ ಮೆಕ್ಯಾನಿಕ್, ಒಂದು ಟೇಬಲ್, ಒಂದು ಡಬ್ಬಿ ಸ್ಕ್ರೂ.

ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮುಟ್ಟಲು ಬಿಡಿ. ಒಂಬತ್ತನೇ ನಿಯಮ ತೆಗೆಯಿರಿ. ಗುಂಪಿನಲ್ಲಿ ಬಂದ ಮಕ್ಕಳಿಗೆ ನಲವತ್ತೈದು ನಿಮಿಷದ ಬದಲು ಅರ್ಧ ದಿನ ಕೊಡಿ. ಸೀಟಿ ಹಿಡಿದವರ ಜಾಗದಲ್ಲಿ ‘ಹೀಗೆ ಮಾಡಿ ನೋಡು’ ಅನ್ನುವ ಒಬ್ಬರನ್ನು ನಿಲ್ಲಿಸಿ. ಆ ಸೆಕ್ಯುರಿಟಿಯವರ ಮೇಲೆ ನನಗೆ ಕೋಪವಿಲ್ಲ. ಏನಾದರೂ ಮುರಿದರೆ ಅವರ ಸಂಬಳದಲ್ಲಿ ಹಿಡಿಯುತ್ತಾರಂತೆ, ಅವರೇ ಹೇಳಿದರು. ಹಾಗಿದ್ದ ಮೇಲೆ ಅವರು ಇನ್ನೇನು ಮಾಡುತ್ತಾರೆ, ಸೀಟಿ ಹೊಡೆಯದೆ? ಆ ಪದ್ಧತಿಯನ್ನೂ ನಿಲ್ಲಿಸಿ. ಮತ್ತು ಆ ಹುಡುಗನ ತಪ್ಪೊಪ್ಪಿಗೆಯನ್ನು ಫೈಲಿನಿಂದ ತೆಗೆದು ಅವನಿಗೆ ವಾಪಸ್ ಕಳಿಸಿ. ಇದನ್ನು ಮಾತ್ರ ಸಲಹೆ ಅಂತ ಪರಿಗಣಿಸಬೇಡಿ.

ಕಳೆದ ವಾರ ಲ್ಯಾಬಿನಲ್ಲಿ ಬ್ಯಾಟರಿ, ಬಲ್ಬು, ವೈರ್ ಹಂಚಿದೆ. ಎಲ್ಲರೂ ಮುಗಿಬಿದ್ದರು. ಅವನು ಕೈಯನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದ. ‘ನೀನೂ ಜೋಡಿಸೋ’ ಅಂದೆ. ‘ಬೇಡ ಮಿಸ್, ನಾನು ನೋಡ್ತೀನಿ ಅಷ್ಟೇ’ ಅಂದ.

ಇನ್ನೊಂದು ಮಾತು. ಅವತ್ತಿನ ಗಲಾಟೆಯಲ್ಲಿ ಜನರೇಟರಿನ ಹಿಡಿಕೆಯನ್ನು ಯಾರೂ ಅವನಿಂದ ಕೇಳಿ ತೆಗೆದುಕೊಳ್ಳಲಿಲ್ಲ. ಅವನು ಅದನ್ನು ಹಿಡಿದುಕೊಂಡೇ ಬಸ್ ಹತ್ತಿದ್ದ. ಈಗ ನನ್ನ ಬ್ಯಾಗಿನಲ್ಲಿದೆ. ಅದು ಸರ್ಕಾರಿ ಸ್ವತ್ತು ಅಂತ ಗೊತ್ತು, ಇಟ್ಟುಕೊಳ್ಳುವ ಆಸೆ ನನಗಿಲ್ಲ. ಅದನ್ನು ಕೂರಿಸಿ, ಆ ಹುಡುಗನ ಕೈಯಿಂದಲೇ ಮೊದಲು ತಿರುಗಿಸುತ್ತೀರಿ ಅಂತ ಹೇಳಿ, ನಾಳೆಯೇ ತಂದುಕೊಡುತ್ತೇನೆ. ಸ್ಕ್ರೂ ಇಲ್ಲದಿದ್ದರೆ ಅದನ್ನೂ ನಾನೇ ತರುತ್ತೇನೆ.

ಇಂತಿ,
ಆರು ಪತ್ರ ಬರೆದ ಅದೇ ಟೀಚರ್