ಎಡಚನಿಗೆ ಸ್ಟಾರ್‌ಬೋರ್ಡ್

ಪುಟ್ಟಾ,

ಹಾಸ್ಟೆಲ್ ಊಟದ ಕಥೆ ಎಲ್ಲ ನಿಮ್ಮಮ್ಮ ಹೇಳಿದ್ಲು, ಅದಿರ್ಲಿ. ಹಡಗು ನಡ್ಸೋದು ಕಲಿಸೋ ಸಿಮ್ಯುಲೇಟರ್‌ನಲ್ಲಿ ಸರ್ 'ಸ್ಟಾರ್‌ಬೋರ್ಡ್', ಅಂದ್ರೆ ಬಲಕ್ಕೆ, ಅಂದಾಗ ಬಾಯಿ ಸ್ಟಾರ್‌ಬೋರ್ಡ್ ಅಂತು, ಕೈ ಎಡಕ್ಕೆ ತಿರುಗಿಸ್ತು, ನಿಜವಾದ ಹಡಗಲ್ಲಿ ಹಿಂಗಾದ್ರೆ ಏನ್ ಗತಿ ದೊಡ್ಡಮ್ಮಾ ಅಂತ ಬರ್ದಿದ್ಯಲ್ಲ, ಅದನ್ನ ಓದಿದ್ಮೇಲೆ ನಂಗೆ ಬೇರೆ ಕೆಲ್ಸಾನೇ ಓಡ್ತಿಲ್ಲ.

ನೀನೂ ನನ್ ಥರಾನೇ ಎಡಚ. ಈಗ್ಲೂ ಗಾಂಧಿ ಬಜಾರ್‌ನಲ್ಲಿ ಆಟೋದಲ್ಲಿ ಕೂತು ರೈಟ್ ಅಂತ ಹೇಳಿ ಎಡಗೈ ತೋರಿಸ್ತೀನಿ, 'ಅಮ್ಮಾ, ಬಾಯಿ ಕೇಳ್ಲೋ ಕೈ ನೋಡ್ಲೋ' ಅಂತಾರೆ ಆಟೋದೋರು.

ಸ್ಟಾರ್‌ಬೋರ್ಡ್ ಅನ್ನೋ ಪದ ಹುಟ್ಟಿದ್ದೇ ಕೈಯಿಂದ ಕಣೋ. ಹಿಂದೆ ಹಡಗಿನ ಹಿಂದ್ಗಡೆ ಮಧ್ಯದಲ್ಲಿ ಚುಕ್ಕಾಣಿ ಇರ್ತಿರ್ಲಿಲ್ಲ, ಬಲಗೈಯೋರೇ ಜಾಸ್ತಿ ಅಂತ ಬಲಪಕ್ಕಕ್ಕೆ ಒಂದು ದೊಡ್ಡ ಹುಟ್ಟು ಕಟ್ಟಿ ಅದ್ರಲ್ಲೇ ತಿರುಗಿಸ್ತಿದ್ರು, ಸ್ಟಿಯರ್ ಮಾಡೋ ಪಕ್ಕ, ಅದೇ ಸವೆದು ಸ್ಟಾರ್‌ಬೋರ್ಡ್ ಆಯ್ತು, ನಕ್ಷತ್ರಕ್ಕೂ ಅದಕ್ಕೂ ಸಂಬಂಧ ಇಲ್ಲ. (ನಮ್ಮಂಥೋರನ್ನ ಆಗ್ಲೂ ಯಾರೂ ಕೇಳಿಲ್ಲ ನೋಡು!) ಆ ಹುಟ್ಟು ದಡಕ್ಕೆ ತಗುಲ್ಬಾರ್ದು ಅಂತ ಎಡಪಕ್ಕವನ್ನ ದಡಕ್ಕೆ ನಿಲ್ಸಿ ಸಾಮಾನು ತುಂಬೋರು, ಅದು ಲಾರ್‌ಬೋರ್ಡ್. ಗಾಳೀಲಿ ಕೂಗಿದ್ರೆ ಎರಡೂ ಒಂದೇ ಥರ ಕೇಳ್ಸಿ ಗೊಂದಲ ಆಗ್ತಿತ್ತು, ಕೊನೆಗೆ 1844ರಲ್ಲಿ ಬ್ರಿಟಿಷ್ ನೌಕಾಪಡೆ ಲಾರ್‌ಬೋರ್ಡ್ ಬಿಟ್ಟು ಪೋರ್ಟ್ ಅನ್ನಿ ಅಂತ ಆರ್ಡರ್ ಹೊರಡಿಸ್ತು. ಅಷ್ಟು ಪಳಗಿದೋರಿಗೇ ಎಡ ಬಲ ತಪ್ತಿತ್ತು ಅಂದ್ರೆ ನೀನ್ಯಾಕೆ ಅಷ್ಟು ಹೆದರ್ಕೊಂಡಿದೀಯ? 1912ರಲ್ಲಿ ಟೈಟಾನಿಕ್‌ನಲ್ಲಿ 'ಹಾರ್ಡ್ ಅ ಸ್ಟಾರ್‌ಬೋರ್ಡ್' ಅಂದಾಗ ಹಡಗು ತಿರುಗಿದ್ದು ಎಡಕ್ಕೆ, ತಪ್ಪಲ್ಲ ಅದು, ಚುಕ್ಕಾಣಿ ತಿರುಗಿಸೋ ಟಿಲ್ಲರ್ ಹಿಡಿ ಯಾವ ಕಡೆ ಹೋಗ್ಬೇಕು ಅಂತ ಹೇಳೋದು ಆಗಿನ ಪದ್ಧತಿ, ಹಿಡಿ ಬಲಕ್ಕೆ ಹೋದ್ರೆ ಹಡಗು ಎಡಕ್ಕೆ ತಿರುಗತ್ತೆ, 1930ರ ದಶಕದಲ್ಲಿ ಬದ್ಲಾಯಿಸಿದ್ರು. ಅಯ್ಯೋ, ಸಮಾಧಾನ ಹೇಳೋಕೆ ಹೋಗಿ ಮುಳುಗಿದ ಹಡಗನ್ನೇ ತಂದ್ನಲ್ಲ, ಬಿಟ್ಟಾಕು.

ನಾನು ಚಿಕ್ಕೋಳಿದ್ದಾಗ ಎಡಗೈಲಿ ಬಡಿಸಿದ್ರೆ ಪಂಕ್ತಿಲಿ ಎಲ್ಲರ ಮುಂದೇನೇ ಸೌಟು ಕಿತ್ಕೊಳ್ಳೋರು. ಆಮೇಲೆ ಸ್ಕೂಟರ್ ಕಲಿಯೋಕೆ ಹೋಗಿ ಲಾಲ್‌ಬಾಗ್ ಹತ್ರ ಇಂಡಿಕೇಟರ್ ಒಂದ್ ಕಡೆ ಹಾಕಿ ಇನ್ನೊಂದ್ ಕಡೆ ತಿರುಗಿಸ್ದೆ, ಬೈಗುಳ ಬಿಟ್ರೆ ಏನೂ ಆಗ್ಲಿಲ್ಲ, ಆದ್ರೆ ಮತ್ತೆ ಮುಟ್ಲಿಲ್ಲ. ರಿಟೈರ್ ಆಗೋವರ್ಗೂ ಬಸ್ಸಲ್ಲಿ ನೇತಾಡಿದ್ದೇ ಬಂತು. ಬಿಡ್ಬಾರ್ದಿತ್ತು ಅಂತ ಈಗ್ಲೂ ಅನ್ಸತ್ತೆ.

ಹಡಗಿನ ವಿಷ್ಯ ನಂಗೇನ್ ಗೊತ್ತು, ಆದ್ರೂ ಸ್ಟಾರ್‌ಬೋರ್ಡ್ ದೀಪ ಹಸಿರಲ್ವಾ, ಬಲಗೈ ಹೆಬ್ಬೆರಳ ಮೇಲೆ ಹಸಿರು ಪೆನ್ನಲ್ಲಿ ಒಂದು ಚುಕ್ಕೆ ಇಟ್ಕೋ, ಫ್ರೆಂಡ್ಸ್ ನಕ್ರೆ ನಗ್ಲಿ. ಆರ್ಡರನ್ನ ತಿರುಗಿ ಹೇಳ್ತೀರಲ್ಲ, ಜೋರಾಗೇ ಹೇಳು, ಆಮೇಲೆ ರಡ್ಡರ್, ಅದೇ ಚುಕ್ಕಾಣಿ, ತೋರ್ಸೋ ಮುಳ್ಳು ಯಾವ ಕಡೆ ಹೋಯ್ತು ಅಂತ ನೋಡು. ನಿಮ್ಮ ಸರ್‌ಗೂ ಒಂದ್ ಮಾತು ಹೇಳಿದ್ರೆ ಒಳ್ಳೇದೇನೋ, ನಿಂಗೆ ಬಿಟ್ಟಿದ್ದು.

ನಿಮ್ಮಮ್ಮಂಗೆ ಇದ್ಯಾವ್ದೂ ಹೇಳಿಲ್ಲ, ನೀನೂ ಬಾಯಿ ಬಿಡ್ಬೇಡ. ಮುಂದಿನ ಸಿಮ್ಯುಲೇಟರ್ ಕ್ಲಾಸ್ ಆದ ತಕ್ಷಣ ನಂಗೆ ಮೆಸೇಜ್ ಹಾಕು.

ನಿನ್ನ ದೊಡ್ಡಮ್ಮ