ಲ್ಯಾಬ್ ಕೌಂಟರಿನ ಅಕ್ಕನಿಗೆ

ಮ್ಯಾಮೊಗ್ರಾಮ್‌ನಲ್ಲಿ, ಅಂದರೆ ಸ್ತನದ ಎಕ್ಸ್-ರೇಯಲ್ಲಿ, ಗಂಟು ಕಂಡಿತ್ತು. ಸೂಜಿ ಹಾಕಿ ಬಯಾಪ್ಸಿಗೆ ಚೂರು ತೆಗೆದರು. ಅಲ್ಲಿಂದ ಆರು ರಾತ್ರಿ ನಿದ್ದೆ ಇಲ್ಲ. ಹೆಂಚಿನ ಮೇಲೆ ಮಳೆ, ಕೈಯಲ್ಲಿ ಮೊಬೈಲು, ಹುಡುಕಿದಷ್ಟೂ ಭಯ ಜಾಸ್ತಿ.

ತಡೆಯಲಾಗದೆ ತೀರ್ಥಹಳ್ಳಿಯಿಂದ ಬೆಳಗಿನ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದೆ. ಮಂಡಗದ್ದೆ, ಗಾಜನೂರು ದಾಟಿದ್ದು ಯಾವುದೂ ನೆನಪಿಲ್ಲ. "ರಿಪೋರ್ಟ್ ಇನ್ನೂ ಬಂದಿಲ್ಲ" ಅಂದಿರಿ ನೀವು. ನನ್ನ ಕೈ ನಡುಗುತ್ತಿದ್ದುದನ್ನು ನೋಡಿ ಎದ್ದು ಹೊರಗೆ ಬಂದಿರಿ. ಒದ್ದೆ ಕೊಡೆ ತೆಗೆದು ಮೂಲೆಗಿಟ್ಟಿರಿ. ನಿಮ್ಮದೇ ಫ್ಲಾಸ್ಕಿನಿಂದ ಬಿಸಿ ಕಷಾಯ ಬಗ್ಗಿಸಿ, ಲೋಟವನ್ನು ನನ್ನ ಎರಡೂ ಕೈಯಲ್ಲಿ ಹಿಡಿಸಿದಿರಿ.

ಆಮೇಲೆ ಪಕ್ಕದಲ್ಲೇ ಕೂತು ವಿವರಿಸಿದಿರಿ. ಚೂರನ್ನು ಕೆಡದಂತೆ ಕಾಯುವ ಫಾರ್ಮಲಿನ್ ದ್ರವದಲ್ಲಿ ನೆನೆಸಬೇಕು, ಮೇಣದಲ್ಲಿ ಕೂರಿಸಬೇಕು, ಕೂದಲಿಗಿಂತ ಎಷ್ಟೋ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅದಕ್ಕೇ ದಿನ ಹಿಡಿಯುತ್ತದೆ. "ತಡ ಆಯ್ತು ಅಂದ್ರೆ ಕೆಟ್ಟದ್ದು ಅಂತಲ್ಲ ಕಣಮ್ಮ." ಇಷ್ಟು ಸರಳ ಮಾತನ್ನು ಅಷ್ಟು ದಿನ ನನಗೆ ಯಾರೂ ಹೇಳಿರಲಿಲ್ಲ. ಉಸಿರು ಸಲೀಸಾಯಿತು.

ಎರಡು ದಿನಕ್ಕೆ ರಿಪೋರ್ಟ್ ಬಂತು. ಫೈಬ್ರೊಅಡಿನೋಮಾ, ಕ್ಯಾನ್ಸರ್ ಅಲ್ಲ. ಅವತ್ತು ನೀವು ರಜೆಯಲ್ಲಿದ್ದಿರಿ, ಹೆಸರು ಕೇಳಲೂ ಆಗಲಿಲ್ಲ. ವಾಪಸು ಬರುವಾಗ ಕಿಟಕಿಯಾಚೆ ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದುದು ಕಾಣಿಸಿತು. ನಿಮಗೆ ತುಂಬಾ ಥ್ಯಾಂಕ್ಸ್ ಅಕ್ಕ.